ಪ್ರಶ್ನೆ: ಅಣ್ಣನ ಮದುವೆ ಫೋಟೋ ನಾನೇ ತೆಗೆಯುತ್ತಿದ್ದೇನೆ. ನನ್ನ ಕ್ಯಾಮೆರಾದಲ್ಲಿ ಕಾರ್ಡ್ ಹಾಕುವ ಜಾಗ (ಸ್ಲಾಟ್) ಒಂದೇ. ಯಾವ ಕಂಪನಿ ಮೆಮೊರಿ ಕಾರ್ಡ್ ತಗೊಂಡರೆ ಕೆಡಲ್ಲ? 128 ಜಿಬಿಯ ಒಂದಾ, 32ರ ನಾಲ್ಕಾ?

“32ರ ನಾಲ್ಕು ತಗೊಳ್ಳಿ” ಅಂತ ಎಲ್ಲರಿಗೂ ಹೇಳುತ್ತಿದ್ದವನು ನಾನೇ. ಒಂದು ಹೋದರೂ ಮೂರು ಉಳಿಯುತ್ತದಲ್ಲ, ಅದು ನನ್ನ ಲೆಕ್ಕ. 2017ರ ಮೇ ತಿಂಗಳಲ್ಲಿ ಒಂದು ಹೋಯಿತು. ಲೆಕ್ಕ ತಪ್ಪಲಿಲ್ಲ, ಮೂರು ಉಳಿದವು. ಹೋದ ಒಂದರಲ್ಲಿ ಧಾರೆ ಇತ್ತು, ಮಾಂಗಲ್ಯಧಾರಣೆ ಇತ್ತು, ಸಪ್ತಪದಿ ಇತ್ತು. ಉಳಿದ ಮೂರರಲ್ಲಿ ಹಿಂದಿನ ಸಂಜೆಯ ಆರತಕ್ಷತೆ, ಸಾಲಾಗಿ ನಿಂತು ಕವರ್ ಕೊಟ್ಟ ನೆಂಟರು, ಊಟದ ಪಂಕ್ತಿ. ಕಾಲು ಭಾಗ ಮಾತ್ರ ಹೋಗಿದೆ ಅಂತ ಯಾರ ಮುಂದೆ ಹೇಳಲಿ? ಮದುವೆ ಇದ್ದದ್ದೇ ಆ ಕಾಲು ಭಾಗದಲ್ಲಿ.

ನಮ್ಮದು ಅರಸೀಕೆರೆ ಕಡೆ. ಸಣ್ಣ ಸ್ಟುಡಿಯೋ. ಆ ಮದುವೆ ತಿಪಟೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಆಗ ನನ್ನ ಹತ್ತಿರ ಇದ್ದದ್ದು ಎರಡು ಸ್ಲಾಟಿನ ಕ್ಯಾಮೆರಾ. ಸಾಲ ಮಾಡಿ ತಗೊಂಡಿದ್ದೆ. ಕೇಳಿದವರಿಗೆಲ್ಲ ಬಾಗಿಲು ತೆಗೆದು ತೋರಿಸುತ್ತಿದ್ದೆ, “ನೋಡಿ, ಎರಡು ಕಾರ್ಡ್ ಹಾಕಬಹುದು, ಫೋಟೋ ಹೋಗೋ ಮಾತೇ ಇಲ್ಲ” ಅಂತ.

ತಪ್ಪು ಇಲ್ಲೇ ಆಗಿದ್ದು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದನ್ನು ಮಾಡಿದವನು ನಾನೊಬ್ಬನೇ ಅಲ್ಲ.

ಎರಡು ಸ್ಲಾಟಿನ ಕ್ಯಾಮೆರಾದ ಮೆನುವಿನಲ್ಲಿ ಎರಡನೇ ಕಾರ್ಡು ಏನು ಕೆಲಸ ಮಾಡಬೇಕು ಅಂತ ಕೇಳುವ ಒಂದು ಸಾಲು ಇರುತ್ತದೆ. ನನ್ನದರಲ್ಲಿ ಮೂರು ಆಯ್ಕೆ ಇದ್ದವು. ಒಂದು ಓವರ್‌ಫ್ಲೋ: ಮೊದಲನೇ ಕಾರ್ಡ್ ತುಂಬಿದ ಮೇಲೆ ಎರಡನೆಯದಕ್ಕೆ ಹೋಗು. ಇನ್ನೊಂದು ಬ್ಯಾಕಪ್: ಪ್ರತಿ ಫೋಟೋವನ್ನೂ ಎರಡರಲ್ಲೂ ಬರೆ. ಮೂರನೆಯದು, ರಾ ಫೈಲ್ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಇಡುವ ದೊಡ್ಡ ಫೈಲ್) ಒಂದಕ್ಕೆ, ಜೆಪೆಗ್ (ಅದನ್ನೇ ಕುಗ್ಗಿಸಿದ ಮಾಮೂಲಿ ಫೋಟೋ) ಇನ್ನೊಂದಕ್ಕೆ. ನಾನು ಇಟ್ಟಿದ್ದದ್ದು ಓವರ್‌ಫ್ಲೋ. ಗೊತ್ತಿಲ್ಲದೆ ಅಲ್ಲ, ಬೇಕಂತಲೇ.

ಹಿಂದಿನ ವರ್ಷ ಒಂದು ಮದುವೆಯಲ್ಲಿ ಸರಿಯಾಗಿ ಗಟ್ಟಿಮೇಳದ ಹೊತ್ತಿಗೆ ಕಾರ್ಡ್ ತುಂಬಿತ್ತು. ಪುರೋಹಿತರು ಕೈ ಎತ್ತಿದರು, ಡೋಲು ಶುರುವಾಯಿತು, ನಾನು ಪ್ಯಾಂಟಿನ ಜೇಬಿನಲ್ಲಿ ಕಾರ್ಡ್ ತಡಕಾಡುತ್ತಿದ್ದೆ. ಹೊಸ ಕಾರ್ಡ್ ಹಾಕಿ ಕಣ್ಣಿಗೆ ಕ್ಯಾಮೆರಾ ಇಡುವಷ್ಟರಲ್ಲಿ ಮೂರು ಗಂಟೂ ಬಿದ್ದಿತ್ತು. “ಇನ್ನೊಂದ್ ಸಲ ಕಟ್ಟಿದ ಹಾಗೆ ಮಾಡಿ” ಅಂತ ವರನನ್ನು ಕೇಳಿ ಪೋಸು ಕೊಡಿಸಿದೆ. ಪುರೋಹಿತರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅವತ್ತಿನಿಂದ ಕಾರ್ಡ್ ತುಂಬುವುದೇ ನನಗೆ ದೊಡ್ಡ ಭಯ. ಕೆಡುತ್ತದೆ ಎಂಬ ಯೋಚನೆಯೇ ಬರಲಿಲ್ಲ. ರಾ ಫೈಲ್ ಒಂದಕ್ಕೆ ಸುಮಾರು 30 ಎಂಬಿ, 32 ಜಿಬಿ ಕಾರ್ಡಿನಲ್ಲಿ ಸಾವಿರದ ಹತ್ತಿರ ಹಿಡಿಯುತ್ತದೆ. ಓವರ್‌ಫ್ಲೋ ಇಟ್ಟರೆ ಎರಡು ಸಾವಿರ. ಬ್ಯಾಕಪ್ ಇಟ್ಟರೆ ಅದೇ ಸಾವಿರ. ಎರಡು ಸಾವಿರವೇ ಮೇಲು ಅನ್ನಿಸಿತು.

ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಅದಕ್ಕೂ ಓವರ್‌ಫ್ಲೋ ಪೈಪ್ ಇರುತ್ತದೆ. ಟ್ಯಾಂಕ್ ತುಂಬುವವರೆಗೆ ಆ ಪೈಪಿನಲ್ಲಿ ಒಂದು ಹನಿ ಬರಲ್ಲ. ಟ್ಯಾಂಕಿನ ಬುಡ ಒಡೆದರೆ ಆ ಪೈಪ್ ನೀರು ಉಳಿಸುತ್ತದಾ? ನನ್ನ ಎರಡನೇ ಕಾರ್ಡ್ ಆ ಪೈಪ್. ಮೊದಲನೆಯದರ ಜೊತೆಗೇ ಅಲ್ಲೇ ಕೂತಿತ್ತು, ಖಾಲಿಯಾಗಿ. ಪರದೆ ಮೇಲೆ 1, 2 ಅಂತ ಎರಡೂ ಕಾರ್ಡಿನ ಗುರುತು ಕಾಣುತ್ತಿತ್ತು. ಅದನ್ನು ನೋಡಿ ಧೈರ್ಯವಾಗಿದ್ದೆ.

ಬೆಳಿಗ್ಗೆ ಎರಡೂ ಸ್ಲಾಟಿಗೆ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಕಾರ್ಡ್ ಹಾಕಿದ್ದೆ. ಕಾಶಿಯಾತ್ರೆ, ಜೀರಿಗೆ ಬೆಲ್ಲ, ಧಾರೆ, ತಾಳಿ, ಸಪ್ತಪದಿ ಎಲ್ಲ ಆಯಿತು. ಹನ್ನೊಂದೂವರೆ ಇರಬಹುದು, ಅಕ್ಷತೆ ಹಾಕಲು ಜನ ಸ್ಟೇಜಿಗೆ ಹತ್ತುತ್ತಿದ್ದರು. ಶಟರ್ ಒತ್ತಿದೆ. ಕಾರ್ಡಿಗೆ ಬರೆಯುತ್ತಿದೆ ಅಂತ ತೋರಿಸುವ ಹಿಂದಿನ ದೀಪ ಹತ್ತಿದ್ದು ಆರಲೇ ಇಲ್ಲ. ಆಮೇಲೆ ಪರದೆಯಲ್ಲಿ, ಈ ಕಾರ್ಡ್ ಬಳಸಲು ಆಗುವುದಿಲ್ಲ, ಬೇರೆ ಹಾಕಿ.

ಆಫ್ ಮಾಡಿ ಆನ್ ಮಾಡಿದೆ. ಕಾರ್ಡ್ ತೆಗೆದು ಉಫ್ ಅಂತ ಊದಿದೆ, ಅಂಗಿಗೆ ಒರೆಸಿ ಮತ್ತೆ ಹಾಕಿದೆ. ಒಂದು ಸಲ ಒಳಗಿರುವ ಫೋಟೋ 612 ಅಂತ ಸಂಖ್ಯೆ ತೋರಿಸಿತು, ಒಂದು ಫೋಟೋವೂ ಬಂತು, ಮತ್ತೆ ಹೋಯಿತು. ಅದೇ ಕೊನೆ. ನಾಲ್ಕೈದು ಸಲ ತೆಗೆದು ಹಾಕಿದ ಮೇಲೆ ಕಾರ್ಡನ್ನು ತಿರುಗಿಸಿ ನೋಡಿದೆ. ಹಿಂದೆ ಒಂಬತ್ತು ಚಿನ್ನದ ಬಣ್ಣದ ಪಟ್ಟಿ ಇರುತ್ತವಲ್ಲ, ಅವುಗಳ ನಡುವೆ ಎಳೆಯಷ್ಟು ತೆಳ್ಳಗಿನ ಪ್ಲಾಸ್ಟಿಕ್ ಗೋಡೆಗಳು. ಅದರಲ್ಲಿ ಒಂದು ಮುರಿದು ಅಡ್ಡ ಬಿದ್ದಿತ್ತು, ಅಕ್ಕಿ ನುಚ್ಚಿನಷ್ಟು ಚೂರು. ಕಾರ್ಡ್ ಸತ್ತಿದ್ದು ಅದರಿಂದಲೋ, ಒಳಗೇ ಏನಾದರೂ ಆಗಿತ್ತೋ, ಇವತ್ತಿಗೂ ಜಗಳ ಮುಗಿದಿಲ್ಲ. ಕಳಪೆ ಮಾಲಲ್ಲ, ಬಿಲ್ ಇಟ್ಟುಕೊಂಡು ತಗೊಂಡಿದ್ದ ಹೆಸರುವಾಸಿ ಕಂಪನಿಯದು. ಕಂಪನಿ ವಾರಂಟಿಯಲ್ಲಿ ಹೊಸ ಕಾರ್ಡ್ ಕೊಟ್ಟಿತು. ವಾರಂಟಿ ಇರುವುದು ಕಾರ್ಡಿಗೆ, ಫೋಟೋಗೆ ಅಲ್ಲ. ‘ಲೈಫ್‌ಟೈಮ್ ವಾರಂಟಿ’ ಅಂತ ಓದಿ ಸಮಾಧಾನ ಪಡುವವರು ಇದನ್ನು ಮರೆಯುತ್ತಾರೆ.

ನಮ್ಮ ವಿಡಿಯೋದವನು ಬಂದು ನನ್ನ ಕೈ ಹಿಡಿದ. “ಇನ್ನು ಅದನ್ನ ಮುಟ್ಬೇಡ. ಜೇಬಿಗೆ ಹಾಕು, ಎರಡನೇ ಕಾರ್ಡಿನಲ್ಲಿ ಮುಂದುವರಿಸು.” ಅವತ್ತು ಯಾರಾದರೂ ಸರಿಯಾದ ಮಾತು ಆಡಿದ್ದರೆ ಅದು ಅವನೇ. ಉಳಿದ ಅರ್ಧ ದಿನ ನಗುತ್ತಾ ಫೋಟೋ ತೆಗೆದೆ. ಪಾಯಸ ಬಡಿಸಿದರು, ರುಚಿ ಗೊತ್ತಾಗಲಿಲ್ಲ.

ರಾತ್ರಿ ಲ್ಯಾಪ್‌ಟಾಪಿಗೆ ಹಾಕಿದರೆ, ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ ಕೇಳಿತು. ಬೇಡ ಅಂದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಭಾವಮೈದ ಫೋನಿನಲ್ಲಿ ಹೇಳಿದ: ರಿಪೇರಿ ಮಾಡಲು ಹೋಗಬೇಡ, ಚೆಕ್‌ಡಿಸ್ಕ್ (ಡಿಸ್ಕಿನ ದೋಷ ತಿದ್ದುವ ವಿಂಡೋಸ್ ಸಾಧನ) ಓಡಿಸಬೇಡ, ಮೊದಲು ಕಾರ್ಡಿನ ಪೂರ್ತಿ ನಕಲು ತೆಗಿ, ಆಟ ಏನಿದ್ದರೂ ಆ ನಕಲಿನ ಮೇಲೆ ಆಡು. ಅದಕ್ಕೆ ಡಿಡಿರೆಸ್ಕ್ಯೂ ಅಂತ ಉಚಿತ ಸಾಫ್ಟ್‌ವೇರ್ ಇದೆ. ಓದಲು ಬಾರದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಆಮೇಲೆ ಹಿಂದಿರುಗಿ ಮತ್ತೆ ಪ್ರಯತ್ನಿಸುತ್ತದೆ. ನಕಲು ಸಿಕ್ಕರೆ ಫೋಟೋರೆಕ್ ಓಡಿಸಬಹುದು, ಅದೂ ಉಚಿತ. ಫೈಲಿನ ಹೆಸರು ನೋಡದೆ, ಫೋಟೋ ಫೈಲ್ ಶುರುವಾಗುವ ಗುರುತನ್ನು ಹುಡುಕಿ ಹೆಕ್ಕುತ್ತದೆ. ತಪ್ಪಿ ಡಿಲೀಟ್ ಮಾಡಿದ್ದರೆ, ಕ್ಯಾಮೆರಾದಲ್ಲಿ ಸುಮ್ನೆ ಫಾರ್ಮ್ಯಾಟ್ ಆಗಿದ್ದರೆ, ಇದರಲ್ಲೇ ಬಹಳಷ್ಟು ಸಿಗುತ್ತದೆ. ಯಾಕೆಂದರೆ ಸಾಮಾನ್ಯವಾಗಿ ಅಳಿಸುವುದು ಪಟ್ಟಿಯನ್ನು ಮಾತ್ರ, ಫೋಟೋ ಅಲ್ಲೇ ಇರುತ್ತದೆ. ಅದರ ಮೇಲೆ ಹೊಸ ಫೋಟೋ ತೆಗೆದರೆ ಮಾತ್ರ ಕಥೆ ಮುಗಿಯಿತು.

ನನ್ನ ಕಾರ್ಡ್ ಹಾಗಲ್ಲ. ನಕಲು ಮಾಡುವಾಗಲೇ ಮಧ್ಯೆ ಮಧ್ಯೆ ಮಾಯವಾಗುತ್ತಿತ್ತು. ಕೊನೆಗೆ ಬೆಂಗಳೂರಿನ ಒಂದು ರಿಕವರಿ ಲ್ಯಾಬಿಗೆ ಕೊಟ್ಟೆವು. ಕಾರ್ಡಿನೊಳಗೆ ಫೋಟೋ ಇಡುವ ಮೆಮೊರಿ ಬೇರೆ, ಯಾವ ಚೂರು ಎಲ್ಲಿದೆ ಅಂತ ಲೆಕ್ಕ ಇಡುವ ಕಂಟ್ರೋಲರ್ ಬೇರೆ. ಕಂಟ್ರೋಲರ್ ಹೋದರೆ ಉಗ್ರಾಣದಲ್ಲಿ ಸಾಮಾನು ಇದ್ದು, ಎಲ್ಲಿಟ್ಟೆ ಅಂತ ಹೇಳುವವನು ಇಲ್ಲದ ಹಾಗೆ. ಅವರು ಮೆಮೊರಿಯನ್ನು ನೇರವಾಗಿ ಓದಿ, ಚೂರು ಜೋಡಿಸಿ, ಮೂರು ವಾರ ತಗೊಂಡು ಕೊಟ್ಟಿದ್ದು 612ರಲ್ಲಿ ಸರಿಯಾದ 190 ಫೋಟೋ. ಜೊತೆಗೆ ಎಪ್ಪತ್ತೋ ಎಂಬತ್ತೋ ಅರೆಬರೆ. ರಾ ಫೈಲಿನ ಹೊಟ್ಟೆಯಲ್ಲಿ ಒಂದು ಜೆಪೆಗ್ ಪ್ರಿವ್ಯೂ ಅಡಗಿರುತ್ತದೆ, ರಾ ಕೆಟ್ಟರೂ ಕೆಲವು ಸಲ ಅದು ಬದುಕಿರುತ್ತದೆ. ಹಾಗೆ ಇನ್ನೊಂದಷ್ಟು ಸಿಕ್ಕಿತು. ಬಂದದ್ದರಲ್ಲಿ ಹೆಚ್ಚಿನವು ಕಾಶಿಯಾತ್ರೆ. ವರ, ಛತ್ರಿ, ಕೋಲು, ನಗುವ ಭಾವಂದಿರು.

ಧಾರೆಯ ಮುಹೂರ್ತದ್ದು ಒಂದೇ ಒಂದು ಬಂತು. ಅಂತರಪಟ ಸರಿಸುವ ಕ್ಷಣ. ಮೇಲಿನ ಮೂರನೇ ಒಂದು ಭಾಗ ಎಷ್ಟು ಚೆನ್ನಾಗಿದೆ ಅಂದರೆ, ಬಿಳಿ ಬಟ್ಟೆಯ ಮೇಲಿನ ಕುಂಕುಮದ ಸ್ವಸ್ತಿಕ, ಅದನ್ನು ಹಿಡಿದ ಪುರೋಹಿತರ ಬೆರಳಿನ ದರ್ಭೆ ಉಂಗುರ, ಗಾಳಿಯಲ್ಲಿರುವ ಅಕ್ಕಿ ಕಾಳು ಎಲ್ಲ ಎಣಿಸಬಹುದು. ಹುಡುಗಿಯ ಬಾಸಿಂಗ ಕಾಣುತ್ತದೆ. ಬಾಸಿಂಗದಿಂದ ಕೆಳಗೆ ಬರೀ ಬೂದು ಬಣ್ಣ.

ಹುಡುಗಿಯ ತಂದೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಾನು ನೀರು ಬಿಡೋದು ಒಂದಾದ್ರೂ ಇದೆಯೇನಪ್ಪಾ?” ಅಂತ ಕೇಳಿದರು. ಇರಲಿಲ್ಲ. ವಿಡಿಯೋದಿಂದ ಒಂದು ಫ್ರೇಮ್ ತೆಗೆದು ಕೊಟ್ಟೆವು. ಫುಲ್ ಎಚ್‌ಡಿ ವಿಡಿಯೋದ ಫ್ರೇಮ್ ಅಂದರೆ ಅಡ್ಡಕ್ಕೆ 1920 ಪಿಕ್ಸೆಲ್, ಒಟ್ಟು ಎರಡು ಮೆಗಾಪಿಕ್ಸೆಲ್. ಕರಿಜ್ಮಾ ಅನ್ನುವ ಮದುವೆ ಆಲ್ಬಮ್ಮಿನ 12x36 ಇಂಚಿನ ಹಾಳೆಗೆ ಅಡ್ಡಕ್ಕೆ ಹಿಗ್ಗಿಸಿದರೆ ಇಂಚಿಗೆ ಐವತ್ಮೂರು ಪಿಕ್ಸೆಲ್, ಮುಖ ಎಲ್ಲ ರವೆ ರವೆ. ಹಾಳೆಯ ನಡುವೆ ಪೋಸ್ಟ್‌ಕಾರ್ಡ್ ಗಾತ್ರಕ್ಕೆ ಇಟ್ಟು ಸುತ್ತ ಡಿಸೈನ್ ತುಂಬಿದೆ. ದುಡ್ಡು ವಾಪಸ್ ಕೊಟ್ಟೆ. ಲ್ಯಾಬಿನ ಖರ್ಚು ನನ್ನದೇ. ಅವರ ಎರಡನೇ ಮಗಳ ಮದುವೆಗೆ ಬೇರೆಯವರನ್ನು ಕರೆದರು. ನ್ಯಾಯವೇ.

ಈಗ ನಿಮ್ಮ ಪ್ರಶ್ನೆ. ಯಾವ ಕಂಪನಿ ಅಂತ ಕೇಳಿದ್ದೀರಿ. ಹೆಸರು ನೋಡಿ ತಗೊಳ್ಳಿ, ಬೇಡ ಅನ್ನಲ್ಲ, ಆದರೆ ಹೆಸರು ಅಚ್ಚು ಹಾಕಲು ಎಷ್ಟು ಖರ್ಚಾಗುತ್ತದೆ? ನಕಲಿ ಕಾರ್ಡಿನ ಮೇಲೂ ಅದೇ ಹೆಸರು ಇರುತ್ತದೆ. ಒಳಗೆ 8 ಜಿಬಿ ಇದ್ದು 64 ಅಂತ ಸುಳ್ಳು ಹೇಳುವ ಹಾಗೆ ಕಂಟ್ರೋಲರ್ ತಿದ್ದಿರುತ್ತಾರೆ. ಮೊದಲ 8 ಜಿಬಿ ತನಕ ಸರಿಯಾಗಿ ನಡೆದು, ಆಮೇಲೆ ತೆಗೆದದ್ದೆಲ್ಲ ಗಾಳಿಗೆ. ತಂದ ದಿನವೇ ಕಂಪ್ಯೂಟರಿನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯೂ ಅನ್ನುವ ಕಾರ್ಡ್ ಪರೀಕ್ಷಿಸುವ ಸಾಫ್ಟ್‌ವೇರ್ ಹಾಕಿ ಪೂರ್ತಿ ತುಂಬಿಸಿ ಓದಿಸಿ ನೋಡಿ. ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಎಫ್3. ಕಾರ್ಡಿನ ಮೇಲೆ ವಿ30, ಯು3 ಅಂತ ಬರೆದಿರುವುದು ಬರೀ ವೇಗ, ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಅಂತ. ಬಾಳಿಕೆಗೂ ಅದಕ್ಕೂ ಸಂಬಂಧ ಇಲ್ಲ. ಮೈಕ್ರೋ ಕಾರ್ಡನ್ನು ಅಡಾಪ್ಟರಿನಲ್ಲಿ ಹಾಕಿ ಮದುವೆ ತೆಗೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಕೈಕೊಡಲು ಇನ್ನೊಂದು ಜಾಗ ಸೇರಿಸಿದಂತೆ.

128ರ ಒಂದಾ, 32ರ ನಾಲ್ಕಾ ಅನ್ನುವುದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ನಾಲ್ಕು ಕಾರ್ಡಿನಲ್ಲಿ ನಾಲ್ಕು ಬೇರೆ ಬೇರೆ ಫೋಟೋ ಇದ್ದರೆ ಪ್ರತಿಯೊಂದೂ ಒಂದೇ ಒಂದು ಪ್ರತಿ. ಕಳೆದುಕೊಳ್ಳುವ ಸಂಭವ ಕಮ್ಮಿ ಆಗಲಿಲ್ಲ, ಹಂಚಿಕೆ ಆಯಿತು ಅಷ್ಟೇ. ಮೇಲಾಗಿ ಚಿಕ್ಕ ಕಾರ್ಡ್ ಜಾಸ್ತಿ ಆದಷ್ಟೂ ಜೇಬಿನಿಂದ ಬೀಳುತ್ತವೆ, ತುಂಬಿದ್ದನ್ನೇ ಖಾಲಿ ಅಂದುಕೊಂಡು ಫಾರ್ಮ್ಯಾಟ್ ಮಾಡುತ್ತೇವೆ. ಈಗ ನಾನು 128ರ ಎರಡು ಹಾಕಿ, ಬ್ಯಾಕಪ್ ಇಟ್ಟು, ಇಡೀ ಮದುವೆ ತೆಗೆಯುತ್ತೇನೆ. ತುಂಬುವ ಭಯವೂ ಇಲ್ಲ.

ಆದರೆ ನಿಮ್ಮ ಕ್ಯಾಮೆರಾ ಒಂದೇ ಸ್ಲಾಟಿನದು ಅಂತ ಬರೆದಿದ್ದೀರಿ. ಹಾಗಾದರೆ ದುಬಾರಿ ಕಾರ್ಡಿಗೆ ಇಟ್ಟ ದುಡ್ಡಿನಲ್ಲಿ ಎರಡು ದಿನಕ್ಕೆ ಎರಡು ಸ್ಲಾಟಿನ ಕ್ಯಾಮೆರಾ ಬಾಡಿಗೆಗೆ ತನ್ನಿ. ಇದು ನನ್ನೊಬ್ಬನ ಹಠ ಅಲ್ಲ. 2018ರಲ್ಲಿ ನಿಕಾನ್ ಝಡ್6, ಝಡ್7 ಮತ್ತು ಕ್ಯಾನನ್ ಇಒಎಸ್ ಆರ್ ಒಂದೇ ಸ್ಲಾಟ್ ಇಟ್ಟುಕೊಂಡು ಬಂದಾಗ ಮದುವೆ ಫೋಟೋಗ್ರಾಫರ್‌ಗಳು ಎಲ್ಲ ಕಡೆ ಗಲಾಟೆ ಮಾಡಿದರು. 2020ರ ಝಡ್6 II, ಝಡ್7 II, ಕ್ಯಾನನ್ ಆರ್6 ಎಲ್ಲದರಲ್ಲೂ ಎರಡು ಸ್ಲಾಟ್ ಬಂತು. ಬಾಡಿಗೆ ಆಗಲೇ ಇಲ್ಲ ಅಂದರೆ, ತಾಳಿ ಕಟ್ಟಿ ಸಪ್ತಪದಿ ಮುಗಿದ ತಕ್ಷಣ ಕಾರ್ಡ್ ಬದಲಿಸಿ, ತೆಗೆದದ್ದನ್ನು ಅಲ್ಲೇ ಯಾರಿಗಾದರೂ ಕೊಟ್ಟು ಲ್ಯಾಪ್‌ಟಾಪಿಗೆ ಕಾಪಿ ಮಾಡಿಸಿ. ಕಾರ್ಡಿನ ದೀಪ ಆರುವ ಮುಂಚೆ ಕಾರ್ಡ್ ಬಾಗಿಲು ತೆಗೆಯಬೇಡಿ, ಬ್ಯಾಟರಿಯನ್ನಂತೂ ಮುಟ್ಟಬೇಡಿ. ರಾತ್ರಿ ಎರಡು ಡಿಸ್ಕಿಗೆ ಕಾಪಿ ಆಗಲಿ, ಒಂದು ನಿಮ್ಮ ಬ್ಯಾಗಿನಲ್ಲಿ, ಇನ್ನೊಂದು ಬೇರೆ ಗಾಡಿಯಲ್ಲಿ ಬೇರೆ ಮನೆಗೆ. ಆಲ್ಬಮ್ ಕೈಗೆ ಬರುವವರೆಗೆ ಆ ಕಾರ್ಡ್ ಮತ್ತೆ ಬಳಸಬೇಡಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಅಣ್ಣನ ಮದುವೆಯಲ್ಲಿ ತಮ್ಮನಿಗೆ ನೂರೆಂಟು ಕೆಲಸ. ಬೀಗರನ್ನು ಕರೆಯಬೇಕು, ಪುರೋಹಿತರು ಕೇಳಿದ್ದು ಒದಗಿಸಬೇಕು. ಇದೆಲ್ಲದರ ಜೊತೆ ಕ್ಯಾಮೆರಾ ಹಿಡಿದರೆ ಒಂದಲ್ಲ ಒಂದು ಕಡೆ ಎಡವುತ್ತೀರಿ, ಮತ್ತೆ ಒಂದು ಫೋಟೋದಲ್ಲೂ ನೀವು ಇರಲ್ಲ. ನನ್ನ ತಂಗಿ ಮದುವೆಗೆ ನಾನು ಬೇರೆಯವರನ್ನೇ ಕರೆದೆ. ಕರೆಯುವಾಗ ಕೇಳಿದ್ದು ಒಂದೇ, ಎರಡನೇ ಸ್ಲಾಟ್ ಯಾವುದರಲ್ಲಿ ಇಟ್ಟಿದ್ದೀರಿ ಅಂತ. ಅವರಿಗೂ ಗೊತ್ತಿರಲಿಲ್ಲ. ಇಬ್ಬರೂ ಕೂತು ಮೆನು ತೆಗೆದು ನೋಡಿದೆವು. ಓವರ್‌ಫ್ಲೋ.

ಬಾಡಿಗೆಗೆ ತಂದರೆ ನೀವೂ ಮೊದಲು ಅದನ್ನೇ ನೋಡಿ, ಹಿಂದಿನವರು ಏನಿಟ್ಟು ಬಿಟ್ಟಿದ್ದಾರೋ ಯಾರಿಗೆ ಗೊತ್ತು. ಬ್ಯಾಕಪ್‌ಗೆ ಬದಲಿಸಿದ ಮೇಲೂ ಮೆನುವನ್ನು ನಂಬಬೇಡಿ. ಮನೆ ಗೋಡೆಯದೇ ಎರಡು ಫೋಟೋ ತೆಗೆದು, ಎರಡನೇ ಕಾರ್ಡನ್ನು ಮಾತ್ರ ಹೊರಗೆ ತೆಗೆದು, ಲ್ಯಾಪ್‌ಟಾಪಿಗೆ ಹಾಕಿ. ಗೋಡೆ ಕಾಣಿಸಬೇಕು.