ಗೋಥಿಕ್ (ಹಳೇ ಮನೆ, ಗುಟ್ಟು, ಭಯ ತುಂಬಿದ) ಕುಟುಂಬ ಕಾದಂಬರಿಗಳಲ್ಲಿ ಹೆಣ್ಣಿನ ಸಂಕೇತಗಳನ್ನು, ಅಡಗಿಸಿಟ್ಟ ಸುಳಿವುಗಳನ್ನು ಹಿಡಿಯುವುದು ಹೇಗೆ?

ಬಟ್ಟೆಬರೆ, ಬೀಗ ಹಾಕಿದ ಕೋಣೆ, ಮನೆಯವರು ಮಾತು ಹಾರಿಸುವ ಜಾಗ. ಈ ಮೂರರ ಮೇಲೆ ಕಣ್ಣಿಡಿ. ನಮ್ಮ ಕಾಸರಗೋಡಿನ ತರವಾಡು ಮನೆಗಳಲ್ಲಿ, ಅಂದರೆ ಹಳೇ ಕೂಡುಕುಟುಂಬದ ಮನೆಗಳಲ್ಲಿ, ಬೆಳೆದವರಿಗೆ ಇದು ಬೇಗ ಹೊಳೆಯುತ್ತದೆ. ಪೆಟ್ಟಿಗೆಯಲ್ಲಿರುವ ಹಳೇ ಸೀರೆ ಯಾರದ್ದು ಎಂದು ಕೇಳಿದರೆ ದೊಡ್ಡಮ್ಮ ಊಟಕ್ಕೆ ಕರೆಯುತ್ತಾರೆ!

1847ರ ‘ಜೇನ್ ಐರ್’ ಕಾದಂಬರಿ ನೋಡಿ. ನಾಯಕಿ ಜೇನ್ ಕೆಲಸಕ್ಕಿರುವ ದೊಡ್ಡ ಮನೆ. ಉಪ್ಪರಿಗೆಯಿಂದ ವಿಚಿತ್ರ ನಗು ಕೇಳುತ್ತದೆ. ಅದು ಕೆಲಸದವಳು ಗ್ರೇಸ್ ಪೂಲ್ ಎಂದು ಜೇನ್‌ಳನ್ನು ನಂಬಿಸುತ್ತಾರೆ. ಮದುವೆ ಹತ್ತಿರ ಬಂದಾಗ ಒಂದು ರಾತ್ರಿ ಯಾರೋ ಹೆಂಗಸು ಅವಳ ಕೋಣೆಗೆ ಬರುತ್ತಾಳೆ. ಮದುಮಗಳ ದುಬಾರಿ ಮುಸುಕನ್ನು ತಲೆಗೆ ಹಾಕಿಕೊಂಡು ಕನ್ನಡಿ ನೋಡುತ್ತಾಳೆ. ಆಮೇಲೆ ಅದನ್ನು ಎರಡು ತುಂಡು ಮಾಡಿ ತುಳಿಯುತ್ತಾಳೆ. ಅವಳನ್ನು ಮದುವೆಯಾಗಲಿರುವ ಮನೆ ಯಜಮಾನ ರೋಚೆಸ್ಟರ್ ಇದನ್ನು ಅರ್ಧ ಕನಸು ಎನ್ನುತ್ತಾನೆ. ಆದರೆ ಬೆಳಿಗ್ಗೆ ಹರಿದ ಮುಸುಕು ನೆಲದ ಮೇಲೇ ಬಿದ್ದಿದೆ. ಕನಸು ಬಟ್ಟೆ ಹರಿಯುತ್ತದಾ? ಹರಿಯುವ ಮೊದಲು ಹಾಕಿಕೊಂಡಳು ಅಲ್ವಾ, ಸುಳಿವು ಇರುವುದೇ ಅಲ್ಲಿ. ಮುಸುಕು ಹೆಂಡತಿಯ ಗುರುತು, ಆ ಹೆಂಗಸು ರೋಚೆಸ್ಟರನ ಮೊದಲ ಹೆಂಡತಿ ಬರ್ಥಾ.

ಹಾಗಂತ ಕೆಂಪು ಬಣ್ಣ, ಚಂದ್ರ ಕಂಡಲ್ಲೆಲ್ಲ ಸುಮ್ನೆ ಅರ್ಥ ಹುಡುಕಬೇಡಿ. ಅದು ಜಾಸ್ತಿ ಆಗುತ್ತದೆ. ಕಥೆಯಲ್ಲಿ ಯಾರಾದರೂ ಕೈಯಿಂದ ಮುಟ್ಟಿದ, ಬಳಸಿದ ವಸ್ತುವನ್ನು ಮೊದಲು ನೋಡಿ.

1938ರ ‘ರೆಬೆಕಾ’ ಕಾದಂಬರಿಯಲ್ಲಿ ಹೊಸ ಹೆಂಡತಿ ಹಳೇ ಮಳೆಕೋಟು ತೊಡುತ್ತಾಳೆ. ಅದು ಅವಳಿಗೆ ಉದ್ದ. ಜೇಬಿನಲ್ಲಿ ಲಿಪ್‌ಸ್ಟಿಕ್ ಕಲೆಯ ಕರವಸ್ತ್ರ, ಅದರ ಮೇಲೆ ತೀರಿಹೋದ ಮೊದಲ ಹೆಂಡತಿ ರೆಬೆಕಾಳ ಹೆಸರಿನ ಅಕ್ಷರಗಳು. ಸತ್ತವಳ ಹೆಸರು ಕಾದಂಬರಿಯ ತುಂಬ ಇದೆ, ಕಥೆ ಹೇಳುವ ಹೊಸ ಹೆಂಡತಿಗೆ ಮಾತ್ರ ಕೊನೆತನಕ ಹೆಸರೇ ಸಿಗುವುದಿಲ್ಲ.