ಮಳೆಯಲ್ಲಿ ಎಬಿಎಸ್ ಲೈಟ್ ಬರುತ್ತದೆ, ಸ್ಕ್ಯಾನರ್ ಯು0121 ಅನ್ನುತ್ತದೆ. ಹೊಸ ಮಾಡ್ಯೂಲ್ ಹಾಕಿಸಲಾ, ಸೆಕೆಂಡ್ ಹ್ಯಾಂಡ್ ಹಾಕಿಸಲಾ?

ಸದ್ಯಕ್ಕೆ ಎರಡೂ ಬೇಡ. ಮಾಡ್ಯೂಲ್, ಅಂದರೆ ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್‌ನ ಕಂಪ್ಯೂಟರ್ ಪೆಟ್ಟಿಗೆ, ಅದರ ಮಾತು ಕೊನೆಗೆ ಇರಲಿ.

ಮಳೆ ಹಿಡಿದರೆ ಎಬಿಎಸ್ ಲೈಟು, ಅದರ ಹಿಂದೆಯೇ ಪವರ್ ಸ್ಟಿಯರಿಂಗ್ ಲೈಟು, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುವುದು, ಬಿಸಿಲು ಬಂದರೆ ಎಲ್ಲ ಸರಿ. ನೀವು ಬರೆದಿದ್ದನ್ನು ಓದಿದರೆ ನನ್ನ ಕಾರಿನ ಕಥೆಯನ್ನೇ ಓದಿದ ಹಾಗಾಯಿತು. ನೀವು ಸಕಲೇಶಪುರದವರು, ಶಿರಾಡಿ ಇಳಿಯುತ್ತೀರಿ. ನಾನು ಮೂಡಿಗೆರೆಯವನು, ಚಾರ್ಮಾಡಿ ಇಳಿಯುತ್ತೇನೆ. ಅಷ್ಟೇ ವ್ಯತ್ಯಾಸ.

ನನ್ನದು ಟ್ಯಾಕ್ಸಿ. ಧರ್ಮಸ್ಥಳದ ಬಾಡಿಗೆಯೇ ಜಾಸ್ತಿ. ಕೆಲವು ವರ್ಷದ ಹಿಂದೆ ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಇದು ಕಾಣಿಸಿಕೊಂಡಿತು. ಕೊಟ್ಟಿಗೆಹಾರ ದಾಟಿ ಮಂಜಿನೊಳಗೆ ಹೊಕ್ಕ ಸ್ವಲ್ಪ ಹೊತ್ತಿಗೆ ಹಳದಿ ಲೈಟುಗಳು ಒಂದರ ಹಿಂದೆ ಒಂದು ಹತ್ತಿಕೊಳ್ಳುತ್ತಿದ್ದವು. ಉಜಿರೆಯಲ್ಲಿ ಗಾಡಿ ನಿಲ್ಲಿಸಿ, ಆಫ್ ಮಾಡಿ ಆನ್ ಮಾಡಿದರೆ ಏನೂ ಇಲ್ಲ. ವಾಪಸ್ ಹತ್ತುವಾಗ ಮತ್ತೆ ಅದೇ.

ಮೂರೂ ಒಟ್ಟಿಗೆ ಬರುವುದಕ್ಕೆ ಕಾರಣ ಇದೆ. ನಾಲ್ಕೂ ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಲೆಕ್ಕ ಇಡುವುದು ಎಬಿಎಸ್ ಮಾಡ್ಯೂಲ್. ನಮ್ಮಂಥ ಎಷ್ಟೋ ಕಾರುಗಳಲ್ಲಿ ಸ್ಪೀಡೋಮೀಟರಿಗೂ ಸ್ಟಿಯರಿಂಗಿಗೂ ವೇಗದ ಲೆಕ್ಕ ಹೋಗುವುದು ಅಲ್ಲಿಂದಲೇ. ಎಬಿಎಸ್ ಸುಮ್ಮನಾದರೆ ಮುಳ್ಳು ಬೀಳುತ್ತದೆ, ಸ್ಟಿಯರಿಂಗ್ ದೂರು ಹೇಳುತ್ತದೆ. ಮೂರು ತೊಂದರೆ ಬಂದಿದೆ ಎಂದು ಹೆದರಬೇಡಿ. ಇರುವುದು ಒಂದೇ.

ಚಿಕ್ಕಮಗಳೂರಿನ ಒಂದು ವರ್ಕ್‌ಶಾಪಿಗೆ ಒಯ್ದೆ. ಸ್ಕ್ಯಾನರ್ ಹಾಕಿದರು. ಯು0121, ಅಂದರೆ ಎಬಿಎಸ್ ಮಾಡ್ಯೂಲ್ ಜೊತೆ ಸಂಪರ್ಕ ಕಡಿದಿದೆ. ಅವತ್ತು ಹೊಳವಾಗಿತ್ತು, ಮಳೆ ಇರಲಿಲ್ಲ. ಕೆ.ಎಂ. ರಸ್ತೆಯಲ್ಲಿ ಓಡಿಸಿ ನೋಡಿದರು, ಲೈಟು ಬರಲೇ ಇಲ್ಲ. "ಮಾಡ್ಯೂಲೇ ವೀಕ್ ಆಗಿದೆ ಅಣ್ಣ, ಇವತ್ತಲ್ಲ ನಾಳೆ ಪೂರ್ತಿ ಹೋಗುತ್ತೆ, ಬದಲಾಯಿಸಿಬಿಡೋಣ" ಎಂದರು. ಆಯ್ತು ಎಂದೆ.

ನಾನು ತಪ್ಪಿದ್ದು ಅಲ್ಲೇ. ಅದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಈಗ ಅದನ್ನೇ ಮಾಡಲು ಹೊರಟಿದ್ದೀರಿ.

ಕೋಡ್‌ನಲ್ಲಿ ಮೊದಲು ಬರುವ ಅಕ್ಷರ ನೋಡಿ. ಪಿ ಅಂದರೆ ಎಂಜಿನ್ ಗೇರ್‌ಬಾಕ್ಸ್ ಕಡೆಯದು, ಸಿ ಅಂದರೆ ಬ್ರೇಕು ಸ್ಟಿಯರಿಂಗಿನದು, ಬಿ ಅಂದರೆ ಬಾಡಿಯದು. ಯು ಅಂದರೆ ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡುವುದರಲ್ಲಿ ಬಂದ ತೊಂದರೆ. ಈ ಯು0121 ಬರೆದಿದ್ದು ಎಬಿಎಸ್ ಅಲ್ಲ. ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಅಥವಾ ಬೇರೆ ಯಾವುದೋ ಮಾಡ್ಯೂಲ್, "ನನಗೆ ಎಬಿಎಸ್ ಮಾತು ಕೇಳಿಸುತ್ತಿಲ್ಲ" ಎಂದು ಬರೆದಿಟ್ಟುಕೊಂಡ ದೂರು ಅದು. ಶಾಲೆಯಲ್ಲಿ ಹಾಜರಿ ಕರೆದಾಗ ಹುಡುಗ ಉತ್ತರ ಕೊಡದಿದ್ದರೆ ಮೇಷ್ಟ್ರು ಗೈರು ಎಂದು ಬರೆಯುತ್ತಾರೆ. ಹುಡುಗನಿಗೆ ಜ್ವರವೋ, ಹಳ್ಳ ಬಂದು ದಾರಿ ಕಟ್ಟಿದೆಯೋ, ಬಸ್ ಬರಲಿಲ್ಲವೋ, ಆ ಪುಸ್ತಕದಲ್ಲಿ ಇರುವುದಿಲ್ಲ. ಎಬಿಎಸ್‌ಗೆ ಕರೆಂಟ್ ಬರದಿದ್ದರೂ ಇದೇ ಕೋಡ್. ಫ್ಯೂಸ್ ಸಡಿಲವಾದರೂ ಇದೇ, ಪ್ಲಗ್ಗಿಗೆ ನೀರು ಹೋದರೂ ಇದೇ, ಇಲಿ ವೈರ್ ಕಡಿದರೂ ಇದೇ, ಅರ್ತಿಂಗ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ, ಕೆಟ್ಟರೂ ಇದೇ. ಮಾಡ್ಯೂಲ್ ಸತ್ತಿರುವುದು ಆ ಪಟ್ಟಿಯ ಕೊನೆಯ ಸಾಲು.

ಅದಕ್ಕಿಂತ ದೊಡ್ಡ ಸುಳಿವು ನನ್ನ ಕಣ್ಣೆದುರೇ ಇತ್ತು. ಅದೇ ಹೊತ್ತಿಗೆ ಅದೇ ಸ್ಕ್ಯಾನರ್ ಎಬಿಎಸ್ ಮಾಡ್ಯೂಲಿನ ಒಳಗೆ ಹೋಗಿ ಅದರ ಪಾರ್ಟ್ ನಂಬರ್ ತೋರಿಸಿತು. ಗಾಡಿ ಓಡಿಸುವಾಗ ನಾಲ್ಕೂ ಚಕ್ರದ ವೇಗ ತೋರಿಸಿತು, ನಾಲ್ಕೂ ಸರಿಯಾಗಿದ್ದವು. ಇಷ್ಟು ಸರಿಯಾಗಿ ಉತ್ತರ ಕೊಡುವ ಮಾಡ್ಯೂಲನ್ನು ಹಾಳಾಗಿದೆ ಎಂದು ಹೇಗೆ ಹೇಳುವುದು? "ಈಗ ಮಾತಾಡುತ್ತಿದೆಯಲ್ಲ, ಹಾಗಾದರೆ ಘಾಟಿಯಲ್ಲಿ ಯಾಕೆ ಮಾತಾಡುವುದಿಲ್ಲ?" ಎಂದು ನಾನು ಕೇಳಬೇಕಿತ್ತು. ಪರದೆಯ ಮೇಲೆ ಎಬಿಎಸ್ ಎಂಬ ಹೆಸರು ಕಂಡಿತು, ಅದನ್ನೇ ತೀರ್ಪು ಎಂದು ತಿಳಿದೆ. ಒಂದು ಮೀಟರ್ ಹಿಡಿಯದೆ, ಒಂದು ಪ್ಲಗ್ ಬಿಚ್ಚದೆ ದುಡ್ಡು ಕೊಟ್ಟೆ.

ಆ ಕೆಲಸ ಚಿಕ್ಕದೂ ಅಲ್ಲ. ಸಾಮಾನ್ಯವಾಗಿ ಎಬಿಎಸ್ ಮಾಡ್ಯೂಲ್ ಮತ್ತು ಬ್ರೇಕ್ ಆಯಿಲ್ ಹೋಗುವ ಬ್ಲಾಕ್ ಎರಡೂ ಸೇರಿ ಒಂದೇ ಜೋಡಣೆ. ಬ್ರೇಕ್ ಪೈಪು ಬಿಚ್ಚಬೇಕು, ಹೊಸದನ್ನು ಕೂರಿಸಿ ಗಾಳಿ ತೆಗೆಯಬೇಕು, ಅದನ್ನು ಈ ಕಾರಿಗೆ ಹೊಂದಿಸುವ ಕೋಡಿಂಗನ್ನು ಸ್ಕ್ಯಾನರಿನಿಂದ ಮಾಡಬೇಕು. ಗಾಡಿ ಅಲ್ಲೇ ನಿಂತಿತು, ಬಾಡಿಗೆ ಹೋಯಿತು, ಆ ತಿಂಗಳ ಕಂತಿಗೆ ಭಾವನ ಹತ್ತಿರ ಕೈಚಾಚಿದೆ. ಕೊನೆಗೆ ಗಾಡಿ ಬಂತು. ಮುಂದಿನ ಬಾಡಿಗೆಯಲ್ಲೇ, ಘಾಟಿಯ ಅರ್ಧದಲ್ಲಿ, ಹಿಂದೆ ಕೂತಿದ್ದ ಅಜ್ಜಿ "ಅದೇನಪ್ಪಾ ಹಳದಿ ದೀಪ?" ಎಂದು ಕೇಳಿದರು.

ಸರಿ ಮಾಡಿಕೊಟ್ಟವರು ಬಣಕಲ್ ಕಡೆಯ ಒಬ್ಬ ಹಿರಿಯರು. ಕೆಎಸ್‌ಆರ್‌ಟಿಸಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ರಿಟೈರ್ ಆದವರು. ಅವರು ಬಾನೆಟ್ ತೆಗೆಯುವ ಮೊದಲು ನನ್ನನ್ನು ಕೂರಿಸಿಕೊಂಡು ಕೇಳಿದರು.

"ಲೈಟ್ ಬರೋ ಹೊತ್ತಿಗೆ ಏನೇನು ಆನ್ ಇರುತ್ತೆ?"

"ವೈಪರ್, ಹೆಡ್‌ಲೈಟ್, ಫಾಗ್ ಲ್ಯಾಂಪ್ ಸಾರ್."

"ಫಾಗ್ ಲ್ಯಾಂಪ್ ಕಂಪನಿದಾ?"

"ಇಲ್ಲ, ಹೊರಗೆ ಹಾಕಿಸಿದ್ದು."

"ಅದರ ಅರ್ತಿಂಗ್ ಎಲ್ಲಿ ಕೊಟ್ಟಿದ್ದಾರೆ, ನೋಡಿದ್ದೀಯಾ?"

ನೋಡಿರಲಿಲ್ಲ. ಎಡಗಡೆ ಹೆಡ್‌ಲೈಟಿನ ಹಿಂದೆ ಕಾರಿನ ಬಾಡಿಯಲ್ಲಿ ಒಂದು ಬೋಲ್ಟ್ ಇತ್ತು. ಕಂಪನಿಯವರು ಎಬಿಎಸ್ ಮಾಡ್ಯೂಲಿನ ಅರ್ತಿಂಗ್ ಕೊಟ್ಟಿದ್ದು ಅಲ್ಲಿಗೇ. ಫಾಗ್ ಲ್ಯಾಂಪ್ ಹಾಕಿದವರು ಅದೇ ಬೋಲ್ಟ್ ಬಿಚ್ಚಿ, ತಮ್ಮ ವೈರನ್ನೂ ಅದರಡಿ ಸೇರಿಸಿ, ಅರೆಬರೆ ಬಿಗಿ ಮಾಡಿದ್ದರು. ಮಲೆನಾಡಿನ ಮಳೆಗಾಲಗಳು ಕಳೆದು ಅಲ್ಲಿ ತುಕ್ಕೂ ಹಸಿರು ಕಿಲುಬೂ ಕೂತಿತ್ತು. ಅವರು ಎಂಜಿನ್ ಸ್ಟಾರ್ಟ್ ಮಾಡಿಸಿ, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಆ ಅರ್ತಿಂಗ್ ವೈರಿನ ತುದಿಗೆ ಹಿಡಿದರು. ಹೆಚ್ಚುಕಮ್ಮಿ ಸೊನ್ನೆ. ಫಾಗ್ ಲ್ಯಾಂಪ್ ಹಾಕು ಎಂದರು. ಎರಡು ವೋಲ್ಟ್ ಹತ್ತಿರ ಏರಿತು. ವೈರನ್ನು ಸ್ವಲ್ಪ ಅಲ್ಲಾಡಿಸಿದರೆ ಅದಕ್ಕೂ ಮೇಲೆ ಜಿಗಿಯಿತು, ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ಲೈಟು ಹತ್ತಿತು. ಅಲ್ಲಿ ಇರಬೇಕಾದ್ದು 0.1 ವೋಲ್ಟ್, ಹೆಚ್ಚೆಂದರೆ 0.2.

ನಾವೆಲ್ಲ ಮಳೆಯ ಮೇಲೆ ಅನುಮಾನ ಪಟ್ಟಿದ್ದೆವು. ಮಳೆ ಮಂಜು ಬಂದಾಗ ನಾನೇ ಒತ್ತುತ್ತಿದ್ದ ಸ್ವಿಚ್ಚಿನ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಹೊಳವಾದ ದಿನ ಕೆ.ಎಂ. ರಸ್ತೆಯಲ್ಲಿ ಫಾಗ್ ಲ್ಯಾಂಪ್ ಯಾರು ಹಾಕುತ್ತಾರೆ, ಅಲ್ವಾ?

ಇದು ಹೇಗಾಗುತ್ತದೆ ಎಂದು ಆಮೇಲೆ ಕೂತು ಓದಿಕೊಂಡೆ. ಮಾಡ್ಯೂಲ್‌ಗಳು ಮಾತಾಡುವುದು ಕ್ಯಾನ್ ಎಂಬ ಪದ್ಧತಿಯಲ್ಲಿ. ಬಾಷ್ ಕಂಪನಿ 1986ರಲ್ಲಿ ಹೊರತಂದಿದ್ದು. ಒಂದಕ್ಕೊಂದು ಹೊಸೆದ ಎರಡು ವೈರ್, ಕ್ಯಾನ್ ಹೈ ಮತ್ತು ಕ್ಯಾನ್ ಲೋ. ಯಾರೂ ಮಾತಾಡದಿದ್ದಾಗ ಎರಡರಲ್ಲೂ 2.5 ವೋಲ್ಟ್ ಆಸುಪಾಸು. ಮಾತಾಡುವಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಆ ವ್ಯತ್ಯಾಸವೇ ಸುದ್ದಿ. ಹೊರಗಿನ ಗದ್ದಲ ಬಂದರೆ ಎರಡೂ ವೈರಿಗೆ ಒಂದೇ ಸಮ ಬರುತ್ತದೆ, ವ್ಯತ್ಯಾಸ ಹಾಗೇ ಉಳಿಯುತ್ತದೆ. ಹೊಸೆದಿರುವುದು ಅದಕ್ಕೇ. ಬಹಳ ಗಟ್ಟಿ ವ್ಯವಸ್ಥೆ. ಆದರೆ ಪ್ರತಿ ಮಾಡ್ಯೂಲೂ ಈ ವೋಲ್ಟೇಜ್ ಅಳೆಯುವುದು ತನ್ನ ಅರ್ತಿಂಗನ್ನು ಸೊನ್ನೆ ಎಂದು ನಂಬಿ. 55 ವ್ಯಾಟಿನ ಎರಡು ಬಲ್ಬ್ ಅಂದರೆ ಸುಮಾರು 9 ಆಂಪಿಯರ್. ಕಿಲುಬು ಹಿಡಿದ ಬೋಲ್ಟಿನಲ್ಲಿ ಬರೀ 0.2 ಓಮ್ ತಡೆ ಇದ್ದರೂ ಅಲ್ಲಿ 1.8 ವೋಲ್ಟ್ ಏಳುತ್ತದೆ. ಅಂದರೆ ಎಬಿಎಸ್‌ನ ಸೊನ್ನೆ ಉಳಿದವರ ಸೊನ್ನೆಗಿಂತ ಅಷ್ಟು ಮೇಲೆ. ಕ್ಯಾನ್ ಇದನ್ನು ಸುಮಾರು 2 ವೋಲ್ಟ್‌ವರೆಗೆ ತಡೆದುಕೊಳ್ಳುತ್ತದೆ. ಘಾಟಿಯ ಗುಂಡಿಯಲ್ಲಿ ಗಾಡಿ ಕುಲುಕಿ ಬೋಲ್ಟ್ ಅಲುಗಿದರೆ ಗಡಿ ದಾಟುತ್ತದೆ.

ಸರಿಪಡಿಸಲು ಹೆಚ್ಚೇನೂ ಬೇಕಾಗಲಿಲ್ಲ. ಬೋಲ್ಟ್ ಬಿಚ್ಚಿ, ಬಾಡಿಯ ತಗಡು ಹೊಳೆಯುವವರೆಗೆ ಉಪ್ಪುಕಾಗದ ಹಾಕಿ ತಿಕ್ಕಿ, ಎಬಿಎಸ್ ವೈರಿಗೆ ಹೊಸ ರಿಂಗ್ ಲಗ್ ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದರು. ಫಾಗ್ ಲ್ಯಾಂಪಿಗೆ ಬೇರೆ ರಿಲೇ, ಬೇರೆ ಫ್ಯೂಸ್, ಅರ್ತಿಂಗ್ ನೇರ ಬ್ಯಾಟರಿಗೆ. ಆ ಮೇಲೆ ಆ ಲೈಟು ಬಂದಿಲ್ಲ.

ನಿಮ್ಮದೂ ಫಾಗ್ ಲ್ಯಾಂಪೇ ಎಂದು ನಾನು ಹೇಳುತ್ತಿಲ್ಲ. ಅಳೆಯಿರಿ ಎನ್ನುತ್ತಿದ್ದೇನೆ. ಬ್ಲೂಟೂತ್ ಸ್ಕ್ಯಾನರ್ ತಗೊಳ್ಳಲಾ ಎಂದೂ ಕೇಳಿದ್ದೀರಿ. ನನ್ನ ಪ್ರಕಾರ ಬೇಡ. ಅಗ್ಗದವುಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ ಮಾತ್ರ ಓದುತ್ತವೆ, ಎಬಿಎಸ್ ಒಳಗೆ ಹೋಗುವುದೇ ಇಲ್ಲ. ಆ ದುಡ್ಡಿಗೆ ಒಂದು ಮಲ್ಟಿಮೀಟರ್ ತಗೊಳ್ಳಿ. ವರ್ಕ್‌ಶಾಪಿನ ಸ್ಕ್ಯಾನರಿನಲ್ಲಿ ಎಲ್ಲ ಮಾಡ್ಯೂಲಿನ ಕೋಡನ್ನೂ ಓದಿಸಿ, ಯಾವುದು ಯಾವುದರ ಮೇಲೆ ದೂರು ಬರೆದಿದೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಅದಕ್ಕೂ ಮೊದಲು ಅಳಿಸಲು ಬಿಡಬೇಡಿ. ಎಲ್ಲರೂ ಎಬಿಎಸ್ ಒಂದರ ಮೇಲೇ ದೂರು ಹೇಳಿದ್ದರೆ ಎಬಿಎಸ್ ಹತ್ತಿರ ಹುಡುಕಿ. ಎಲ್ಲರೂ ಎಲ್ಲರ ಮೇಲೂ ಹೇಳಿದ್ದರೆ ಮುಖ್ಯ ವೈರ್ ಅಥವಾ ಬ್ಯಾಟರಿ ನೋಡಿ. ಇಡೀ ರಾತ್ರಿ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು. ತೀರಾ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿಸಿ, ಬ್ಯಾಟರಿ ವೀಕಾದರೂ ಇಂಥ ಕೋಡುಗಳು ಬರುತ್ತವೆ.

ಆಮೇಲೆ ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು, ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಕ್ಯಾನ್ ವೈರಿನ ಎರಡೂ ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಸೇರಿ 60 ತೋರಿಸಬೇಕು. 120 ಬಂದರೆ ಎಲ್ಲೋ ವೈರ್ ತುಂಡಾಗಿದೆ ಅಥವಾ ಒಂದು ತುದಿ ಕಳಚಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಗೇಟ್‌ವೇ (ಈ ಸಾಕೆಟ್ಟಿಗೂ ಒಳಗಿನ ಜಾಲಕ್ಕೂ ನಡುವೆ ಕೂರುವ ಮಾಡ್ಯೂಲ್) ಇರುವ ಹೊಸ ಕಾರುಗಳಲ್ಲಿ ಈ ಪಿನ್ನಿನಿಂದ ಒಳಗಿನ ಜಾಲ ಕಾಣುವುದಿಲ್ಲ, ಅಂಥದ್ದಕ್ಕೆ ಎಬಿಎಸ್ ಪ್ಲಗ್ ಹತ್ತಿರವೇ ಅಳೆಯಬೇಕು. ನನ್ನ ಕಾರಿನಲ್ಲಿ ಸರಿಯಾಗಿ 60 ಇತ್ತು. 60 ಬಂತೆಂದು ಅಲ್ಲಿಗೇ ಬಿಟ್ಟಿದ್ದರೆ ನಾನು ಇವತ್ತಿಗೂ ಹುಡುಕುತ್ತಿದ್ದೆ. ಹಾಗಾಗಿ ಅರ್ತಿಂಗ್ ಪರೀಕ್ಷೆ ಬಿಡಬೇಡಿ. ಬ್ಯಾಟರಿ ಮತ್ತೆ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ. ಹೆಡ್‌ಲೈಟ್, ವೈಪರ್, ಬ್ಲೋವರ್, ಹೊರಗೆ ಹಾಕಿಸಿದ್ದು ಏನಿದೆಯೋ ಎಲ್ಲ ಆನ್ ಮಾಡಿಯೇ ಅಳೆಯಿರಿ. ಮಾಡ್ಯೂಲಿಗೆ ಬರುವ ಪಾಸಿಟಿವ್ ವೈರನ್ನು ಬರೀ ಮೀಟರಿನಲ್ಲಿ ನೋಡಿದರೂ ಸಾಲದು. ಒಂದೇ ಎಳೆ ಉಳಿದ ವೈರೂ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ. ಪ್ಲಗ್ ಬಿಚ್ಚಿ, ಆ ಪಾಸಿಟಿವ್ ವೈರಿನಿಂದ ಕಾರಿನ ಬಾಡಿಯ ತಗಡಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಸಿಕ್ಕಿಸಿ. ಮಂಕಾಗಿ ಉರಿದರೆ ವೈರ್ ಹಾಳು.

ಪ್ಲಗ್ ಬಿಚ್ಚಿದಾಗ ಒಳಗೆ ನೀರು, ಹಸಿರು ಕಲೆ ಇದೆಯಾ ನೋಡಿ. ಕ್ಯಾನ್ ವೈರ್ ಜೋಡಿಸಬೇಕಾಗಿ ಬಂದರೆ ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಏರಿಸಿ, ಮೊದಲಿದ್ದಂತೆಯೇ ಹೊಸೆಯಲು ಹೇಳಿ. ಬರೀ ತಿರುಚಿ ಟೇಪ್ ಸುತ್ತಿದ್ದು ನಮ್ಮ ಮಳೆಗೆ ನಿಲ್ಲುವುದಿಲ್ಲ.

ಅಲ್ಲಿಯವರೆಗೆ ಲೈಟು ಬಂದಾಗ ಬ್ರೇಕ್ ಇರುತ್ತದೆ, ಆದರೆ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಿ ಗಾಡಿ ಜಾರಬಹುದು. ಶಿರಾಡಿಯಲ್ಲಿ ಮುಂದಿನ ಲಾರಿಗೆ ತುಂಬ ಅಂತರ ಬಿಡಿ, ಇಳಿಯುವಾಗ ಕೆಳಗಿನ ಗೇರಿನಲ್ಲೇ ಇರಿ.

ಇಷ್ಟೆಲ್ಲ ನೋಡಿ, ಎಲ್ಲವೂ ಸರಿಯಿದ್ದು, ಲೈಟು ಬಂದಿರುವಾಗಲೇ ಸ್ಕ್ಯಾನರಿಗೆ ಎಬಿಎಸ್ ಉತ್ತರ ಕೊಡದಿದ್ದರೆ, ಆಗ ಮಾಡ್ಯೂಲ್. ಆಗಲೂ ಯಾವುದೋ ಗಾಡಿಯಿಂದ ಬಿಚ್ಚಿದ್ದನ್ನು ತರಬೇಡಿ. ನಿಮ್ಮದನ್ನೇ ರಿಪೇರಿಗೆ ಕೊಡಿ, ಅದರಲ್ಲಿ ನಿಮ್ಮ ಕಾರಿನ ಕೋಡಿಂಗ್ ಆಗಲೇ ಇರುತ್ತದೆ. ಅದೂ ಆಗದಿದ್ದರೆ ಅದೇ ಪಾರ್ಟ್ ನಂಬರಿನ ಹೊಸದು ತರಿಸಿ.