ಕಾರಿನೊಳಗೆ ಸೋರುತ್ತಿರುವುದು ಯಾವ ನೀರು?

ಪ್ರಶ್ನೆ: ನಮ್ಮದು 1999ರ ಝೆನ್. ಅಪ್ಪ ಕೊಂಡ ಕಾರು, ಮಾರಲು ಮನಸ್ಸಿಲ್ಲ. ಎರಡು ತಿಂಗಳಿಂದ ಮುಂದಿನ ಎಡ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ. ಹೀಟರ್ ಹಾಕಿದರೆ ಸಿಹಿ ಸಿಹಿ ವಾಸನೆ, ಗಾಜಿನ ಒಳಗೆ ಜಿಡ್ಡು. ಕೂಲೆಂಟ್ (ಎಂಜಿನ್ ತಣಿಸುವ ದ್ರವ) ವಾರಕ್ಕೆ ಅರ್ಧ ಲೀಟರ್ ಕಡಿಮೆಯಾಗುತ್ತಿದೆ. ಹೀಟರ್ ಕೋರ್ (ಒಳಗಿನ ಗಾಳಿ ಬಿಸಿ ಮಾಡುವ ಭಾಗ) ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಎನ್ನುತ್ತಾರೆ ಗ್ಯಾರೇಜಿನವರು. ಮನೆಯಲ್ಲೇ ಮಾಡಿಕೊಳ್ಳಬಹುದೇ? ಇಲ್ಲಾ ಹೀಟರ್ ಲೈನನ್ನೇ ಕತ್ತರಿಸಿ ಸುಮ್ನೆ ಇದ್ದುಬಿಡಲೇ?
— ಓದುಗರೊಬ್ಬರು, ಕೋಣಂದೂರು

ಉತ್ತರ: ಮಾಡಿಕೊಳ್ಳಬಹುದು. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದರೆ ಎರಡು ದಿನದ ಕೆಲಸ. ಆದರೆ ಡ್ಯಾಶ್‌ಬೋರ್ಡಿನ ಮೊದಲ ಸ್ಕ್ರೂ ಬಿಚ್ಚುವ ಮುಂಚೆ ಒಂದು ದಿನವನ್ನು ಬರೀ ಪತ್ತೆಗೆ ಇಡಿ. ನಮ್ಮ ಮಲೆನಾಡಿನಲ್ಲಿ ಕಾರಿನೊಳಗೆ ನೀರು ಬರಲು ಮೂರು ದಾರಿ ಇವೆ. ತಪ್ಪು ದಾರಿ ಹಿಡಿದು ಡ್ಯಾಶ್‌ಬೋರ್ಡ್ ಬಿಚ್ಚಿ ಕೂತವರನ್ನು ನಾನು ಕಂಡಿದ್ದೇನೆ.

ಒಂದು, ಮಳೆ ನೀರು. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ, ಅಡಿಕೆ ಹಿಂಗಾರದ ಪುಡಿ ತುಂಬಿದರೆ ನೀರು ಹೊರಗೆ ಹೋಗದೆ ಬ್ಲೋವರ್ ಮೂಲಕ ಒಳಗಿಳಿಯುತ್ತದೆ. ಎರಡು, ಎಸಿ ನೀರು. ಅದು ಹೊರಗೆ ತೊಟ್ಟಿಕ್ಕುವ ಸಣ್ಣ ಪೈಪಿನ ಬಾಯಿಗೆ ಕುಂಬಾರ ಹುಳ ಮಣ್ಣು ಮೆತ್ತಿ ಮುಚ್ಚಿದ್ದನ್ನು ನಾನೇ ಕಡ್ಡಿಯಿಂದ ಕೆದಕಿ ತೆಗೆದಿದ್ದೇನೆ. ಮೂರನೆಯದು ಹೀಟರ್ ಕೋರ್.

ಗೊತ್ತು ಮಾಡಿಕೊಳ್ಳುವುದು ಕಷ್ಟವಲ್ಲ. ಕಾರನ್ನು ಎರಡು ದಿನ ಮಾಡಿನ ಕೆಳಗೆ ನಿಲ್ಲಿಸಿ. ಕಾರ್ಪೆಟ್ ಎತ್ತಿ ನೆಲ ಒರೆಸಿ, ಬಿಳಿ ಬಟ್ಟೆ ಹಾಸಿ. ಎಸಿ ಮುಟ್ಟಬೇಡಿ. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಇಪ್ಪತ್ತು ನಿಮಿಷ ಎಂಜಿನ್ ಓಡಿಸಿ. ಬಟ್ಟೆಯ ಮೇಲೆ ಹಸಿರು ಕಲೆ ಬಿತ್ತಾ? ಎರಡು ಬೆರಳ ನಡುವೆ ಉಜ್ಜಿದರೆ ಸೋಪಿನ ಹಾಗೆ ಜಾರುತ್ತದಾ? ಹಾಗಿದ್ದರೆ ಅದು ಕೂಲೆಂಟೇ. ಮಳೆ ನೀರೂ ಎಸಿ ನೀರೂ ಜಾರುವುದಿಲ್ಲ. ಯಾವುದೇ ಕಾರಣಕ್ಕೂ ನಾಲಿಗೆಗೆ ಹಚ್ಚಿ ನೋಡಬೇಡಿ, ಅದು ವಿಷ.

ನೀವು ಬರೆದ ವಾಸನೆ, ಜಿಡ್ಡು ನೋಡಿದರೆ ಕೋರ್ ಎಂದೇ ನನಗೂ ಅನಿಸುತ್ತದೆ. ಆದರೂ ಕೋರಿಗೆ ಪೈಪ್ ಸೇರುವ ಜಾಗದ ಕ್ಲ್ಯಾಂಪ್‌ಗಳನ್ನು ಟಾರ್ಚ್ ಹಿಡಿದು ನೋಡಿ. ಕ್ಲ್ಯಾಂಪ್ ಸಡಿಲವಾಗಿದ್ದರೂ ನೀರು ಪೈಪಿನ ಮೇಲೆ ಹರಿದುಕೊಂಡು ಒಳಗೆ ಬರುತ್ತದೆ. ಅಷ್ಟೇ ಆಗಿದ್ದರೆ ಹತ್ತು ನಿಮಿಷದಲ್ಲಿ ಮುಗಿಯಿತು, ಅಲ್ವಾ?

ಹೀಟರ್ ಕೋರ್ ಅಂದರೆ ರೇಡಿಯೇಟರಿನ ಮರಿ. ಎಂಜಿನ್ನಿನ ಬಿಸಿ ನೀರು ಅದರೊಳಗೆ ಹರಿಯುತ್ತದೆ, ಬ್ಲೋವರ್ ಗಾಳಿ ಅದರ ಮೂಲಕ ಹಾದು ಬೆಚ್ಚಗಾಗುತ್ತದೆ. ಬರೀ ನೀರು ತುಂಬಿ ಓಡಿಸಿದರೆ ಕೋರ್ ಹಾಳಾಗುತ್ತದೆ. ಕೂಲೆಂಟ್ ಇಲ್ಲದಿದ್ದರೆ ಒಳಗಿಂದ ತುಕ್ಕು ತಿನ್ನುತ್ತದೆ. ಸೋರಿಕೆ ನಿಲ್ಲಿಸುವ ಪುಡಿ ಹಾಕಿಸಿಕೊಳ್ಳಲು ಹೋಗಬೇಡಿ. ನನ್ನ ಹಳೇ ಕಾರಿಗೆ ಒಂದು ಗ್ಯಾರೇಜಿನಲ್ಲಿ ಕೇಳದೆ ಹಾಕಿದರು. ಸೋರಿಕೆ ಒಂದು ತಿಂಗಳು ನಿಂತಿತು. ಆಮೇಲೆ ರೇಡಿಯೇಟರಿನ ಸಣ್ಣ ನಾಳಗಳೂ ಕಟ್ಟಿಕೊಂಡು ಘಾಟಿ ಹತ್ತುವಾಗ ಎಂಜಿನ್ ಕಾಯತೊಡಗಿತು.

ಈಗ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ರೇಡಿಯೇಟರಿನ ಕೆಳಗಿನ ಪ್ಲಗ್ ತೆಗೆದು ಹಳೇ ಕೂಲೆಂಟನ್ನು ಬೇಸಿನ್ನಿಗೆ ಹಿಡಿಯಿರಿ, ಮೂರ್ನಾಲ್ಕು ಲೀಟರ್ ಬರಬಹುದು. ಅದನ್ನು ಅಂಗಳದಲ್ಲಿ ಚೆಲ್ಲಬೇಡಿ. ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ, ಸತ್ತುಹೋಗುತ್ತವೆ. ಮುಚ್ಚಳವಿರುವ ಕ್ಯಾನಿಗೆ ತುಂಬಿ ಮೇಲಿಟ್ಟುಬಿಡಿ.

ಎಂಜಿನ್ ಕಡೆಯಿಂದ ಒಳಗೆ ಹೋಗುವ ಎರಡು ಹೀಟರ್ ಹೋಸ್‌ಗಳು ಇಪ್ಪತ್ತೈದು ವರ್ಷದಲ್ಲಿ ಪೈಪಿಗೆ ಅಂಟಿಕೊಂಡಿರುತ್ತವೆ. ಎಳೆಯಬೇಡಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಹೋಸ್ ಹೇಗೂ ಹೊಸದು ಹಾಕಬೇಕು. ಪೈಪಿನ ಒಂದು ತುದಿಯಿಂದ ನಿಧಾನವಾಗಿ ಗಾಳಿ ಹಾಯಿಸಿ ಉಳಿದ ನೀರನ್ನು ಹೊರಗೇ ತೆಗೆದರೆ ಸೀಟಿನ ಮೇಲೆ ಚೆಲ್ಲುವುದಿಲ್ಲ.

ಡ್ಯಾಶ್‌ಬೋರ್ಡ್ ಬಿಚ್ಚುವುದು ಶಕ್ತಿಯ ಕೆಲಸವಲ್ಲ, ಲೆಕ್ಕದ ಕೆಲಸ. ಗ್ಲೋವ್ ಬಾಕ್ಸ್, ನಡುವಿನ ಫಲಕ, ಮೀಟರಿನ ಸುತ್ತಿನ ಚೌಕಟ್ಟು, ಆಮೇಲೆ ಸ್ಟೀರಿಂಗ್ ಕೆಳಗಿನ ನಟ್ಟುಗಳು. ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಮೊಟ್ಟೆ ಟ್ರೇ ಒಂದು ಹತ್ತಿರ ಇಟ್ಟುಕೊಳ್ಳಿ, ಒಂದೊಂದು ಜಾಗದ ಸ್ಕ್ರೂ ಒಂದೊಂದು ಗುಳಿಗೆ. ಡ್ಯಾಶ್ ಬರದಿದ್ದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಎಂದೇ ಅರ್ಥ, ಮೀಟಬೇಡಿ. ಹಳೇ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ.

ಎಡಗಡೆ ಬ್ಲೋವರ್, ನಂತರ ಎಸಿ ಪೆಟ್ಟಿಗೆ, ನಡುವೆ ಹೀಟರ್ ಪೆಟ್ಟಿಗೆ. ಎಸಿ ಪೈಪಿನ ನಟ್ಟಿಗೆ ಮಾತ್ರ ಕೈ ಹಾಕಬೇಡಿ. ಅದನ್ನು ಬಿಚ್ಚದೆ ಹೀಟರ್ ಪೆಟ್ಟಿಗೆ ಬರುವುದಿಲ್ಲ ಅನಿಸಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಎಸಿ ಮೆಕ್ಯಾನಿಕ್‌ನಿಂದ ಗ್ಯಾಸ್ ತೆಗೆಸಿ ಮುಂದುವರಿಯಿರಿ.

ಹೊಸ ಕೋರ್ ತರಲು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಹೋಗುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ. ಪೈಪಿನ ಉದ್ದ, ಬಾಗು ಎರಡೂ ಹೊಂದಬೇಕು. ಸುತ್ತಲಿನ ಸ್ಪಂಜಿನ ಪಟ್ಟಿ ಪುಡಿಯಾಗಿರುತ್ತದೆ, ಹೊಸದು ಅಂಟಿಸಿ. ಅದಿಲ್ಲದಿದ್ದರೆ ಗಾಳಿ ಕೋರಿನ ಪಕ್ಕದಿಂದ ನುಸುಳಿಹೋಗಿ ಹೀಟರ್ ಬೆಚ್ಚಗಾಗುವುದೇ ಇಲ್ಲ.

ಇನ್ನು ನಾನು ಅತಿ ಜಾಸ್ತಿ ಒತ್ತಿ ಹೇಳುವ ಮಾತು. ಡ್ಯಾಶ್‌ಬೋರ್ಡ್ ಕೂರಿಸುವ ಮುಂಚೆಯೇ ಕೂಲೆಂಟ್ ತುಂಬಿ ಪರೀಕ್ಷೆ ಮಾಡಿ. ನಾನು ಮೊದಲ ಸಲ ಮಾಡಿದಾಗ ಎಲ್ಲ ಮುಚ್ಚಿ, ಕೊನೇ ಸ್ಕ್ರೂ ಬಿಗಿದು, ಆಮೇಲೆ ತುಂಬಿದೆ. ಒಂದು ಕ್ಲ್ಯಾಂಪ್ ಓರೆಯಾಗಿ ಕೂತಿತ್ತು. ಕಾರ್ಪೆಟ್ ಮೇಲೆ ಹಸಿರು ಹನಿ ಬೀಳುವುದನ್ನು ನೋಡುತ್ತಾ ನಿಂತಿದ್ದು ಇವತ್ತಿಗೂ ನೆನಪಿದೆ. ಎರಡು ದಿನದ ಕೆಲಸ ನಾಲ್ಕು ದಿನವಾಯಿತು.

ತುಂಬುವಾಗ ಕಾರಿನ ಮೂತಿ ಎತ್ತರದ ಕಡೆ ಇರಲಿ, ನಮ್ಮ ಅಂಗಳಗಳಲ್ಲಿ ಇಳಿಜಾರಿಗೆ ಬರವಿಲ್ಲ. ಹೀಟರ್ ಲಿವರ್ ಬಿಸಿಗೆ ಇಡಿ, ಬ್ಯಾಟರಿ ಮತ್ತೆ ಜೋಡಿಸಿ, ರೇಡಿಯೇಟರ್ ಮುಚ್ಚಳ ತೆರೆದೇ ಎಂಜಿನ್ ಶುರು ಮಾಡಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಸೇರಿಸುತ್ತಾ ಹೋಗಿ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ರೇಡಿಯೇಟರ್ ಫ್ಯಾನ್ ತಾನಾಗಿ ಶುರುವಾಗಿ ನಿಲ್ಲುವುದು ಎರಡು ಸಲ ಆಗುವವರೆಗೂ ಕೋರಿನ ಕೆಳಗೆ ಒಣ ಕಾಗದ ಇಟ್ಟು ಕಾಯಿರಿ. ಕಾಗದ ಒಣಗೇ ಇದ್ದರೆ ಡ್ಯಾಶ್ ಕೂರಿಸಿ.

ಕಾರ್ಪೆಟ್ ಅಡಿಯ ದಪ್ಪ ನಮ್ದಾ (ಕಂಬಳಿಯಂಥ ಹಾಸು) ಮಾತ್ರ ಬಿಸಿಲಿಗೆ ಬೇಗ ಒಣಗುವುದಿಲ್ಲ. ತೊಳೆದು ಬಚ್ಚಲ ಒಲೆಯ ಹತ್ತಿರ ನಾಲ್ಕೈದು ದಿನ ತೂಗುಹಾಕಿ. ಹಸಿ ಇರುವಾಗಲೇ ಹಾಸಿದರೆ ನೆಲದ ತಗಡು ತುಕ್ಕು ಹಿಡಿಯುತ್ತದೆ. ಆರಿದ್ರಾ ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಸಿ.

ಪ್ರಶ್ನೆ: ನಮ್ಮ ಕಾರಿಗೂ ಇದೇ ತೊಂದರೆ. ಎರಡು ಹೋಸ್ ಸೇರಿಸಿ ಹೀಟರ್ ಬೈಪಾಸ್ ಮಾಡಿಸಿದ್ದೇನೆ. ಎಂಜಿನ್ನಿಗೆ ಕೆಡುಕಾ? ಮಳೆಯಲ್ಲಿ ಗಾಜು ಮಂಜಾಗುತ್ತದೆ, ಏನು ಮಾಡಲಿ?
— ಓದುಗರು, ಸಾಗರ

ಉತ್ತರ: ಎಂಜಿನ್ನಿಗೆ ಏನೂ ಆಗುವುದಿಲ್ಲ. ಗಾಜಿನ ಒಳಗಿನ ಜಿಡ್ಡನ್ನು ಸೋಪು ನೀರಿನಿಂದ ಎರಡು ಸಲ ತೊಳೆದು ಕಾಗದದಿಂದ ಒರೆಸಿ, ಅರ್ಧ ಮಂಜು ಅಲ್ಲೇ ಕಡಿಮೆಯಾಗುತ್ತದೆ. ಓಡಿಸುವಾಗ ಗಾಳಿ ಗಾಜಿನ ಕಡೆಗೆ ತಿರುಗಿಸಿ, ಲಿವರ್ ಹೊರಗಿನ ಗಾಳಿಗೆ ಇಟ್ಟು ಎಸಿ ಹಾಕಿ. ಎಸಿ ಗಾಳಿಯ ಪಸೆ ತೆಗೆಯುತ್ತದೆ. ಆದರೆ ಇದು ನಾಲ್ಕು ದಿನದ ಏರ್ಪಾಡು ಅಷ್ಟೇ. ಮಳೆಗಾಲದ ರಾತ್ರಿ ಆಗುಂಬೆ ಘಾಟಿಯ 14 ತಿರುವು ಇಳಿಯುವ ಕಾರಿಗೆ ಹೀಟರ್ ಇರಲೇಬೇಕು. ಎದುರಿನ ಲಾರಿ ಕಾಣಬೇಕಲ್ಲ.